ಏಳನೇ ಗುಳಿ

ಮೊಟ್ಟೆಯ ಟ್ರೇಯನ್ನು ಶೆಡ್ಡಿನ ಬೆಂಚಿನ ಮೇಲಿಟ್ಟುಕೊಂಡು ನಾನು ಮೂರನೇ ಸಲ ಎಣಿಸಿದೆ. ಹದಿನಾರು ಗುಳಿ. ಒಂದೊಂದರಲ್ಲೂ ಎರಡೆರಡು ಉಕ್ಕಿನ ಚೂರು, ಒಂದೊಂದು ಚೂರೂ ಅಂಗಿಯ ಗುಂಡಿಯ ಅರ್ಧದಷ್ಟು. ಹದಿನೈದು ಗುಳಿಯವು ಎಣ್ಣೆ ಸುಟ್ಟು ಕಪ್ಪಾಗಿದ್ದವು. ಏಳನೇ ಗುಳಿಯವು ಮಾತ್ರ ಫಳಫಳ ಹೊಳೆಯುತ್ತಿದ್ದವು.

"ನಾನು ಆವತ್ತೇ ಹೇಳಿದ್ದೆ ಮೇಡಂ" ಎಂದ ಮೌನಿ.

ಅವನು ಏನೂ ಹೇಳಿರಲಿಲ್ಲ. ನಮ್ಮ ಠಾಣೆಯ ಈ ಪೇದೆಯ ಬಾಯಿ ಹುಟ್ಟಿದಾಗಿನಿಂದ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವನಿಗೆ ಆ ಹೆಸರು. ಸುಮ್ಮನೆ ಫೋಟೋ ತೆಗೆ ಎಂದೆ.

ಆಗ ಮಧ್ಯಾಹ್ನ ಮೂರೂಕಾಲು. ಅಣ್ಣನನ್ನು ಕೊಂದವನೆಂದು ಈ ಮನೆಯ ಇಬ್ಬರು ಗಂಡುಮಕ್ಕಳಲ್ಲಿ ಚಿಕ್ಕವನ ಮೇಲೆ ಬರೆದ ಕಾಗದಗಳು ಐದು ಗಂಟೆಗೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಇನ್ನೂ ಏನು ಕೆದಕುತ್ತಾ ಕೂತಿದ್ದೀಯ ಎಂದು ಸಾಹೇಬರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿ ಬೈದಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಎರಡು ಸಲವೂ ನುಂಗಿಕೊಂಡೆ. ಒಮ್ಮೆ ಕಾಗದ ಹೋಯಿತೆಂದರೆ ಆ ಹುಡುಗನನ್ನು ಹೊರಗೆ ತರುವುದು ನನ್ನಪ್ಪನಿಂದಲೂ ಆಗದ ಕೆಲಸ.

ಮೂರು ವಾರದ ಹಿಂದೆ, ದೊಡ್ಡವ ಎಂಟು ತಿಂಗಳು ಮನೆಯ ಶೆಡ್ಡಿನಲ್ಲೇ ಕೂತು ತನ್ನ ಕೈಯಾರೆ ಹೊಸದಾಗಿ ಕಟ್ಟಿದ ಸ್ಪೋರ್ಟ್ಸ್ ಕಾರಿನ ಎಂಜಿನ್ನು, ರೇಸ್ ಟ್ರ್ಯಾಕಿನ ಉದ್ದ ತಿರುವಿನಲ್ಲಿ ಗಕ್ಕನೆ ಬಿಗಿದುಕೊಂಡಿತ್ತು. ಕಾರು ಗೋಡೆಗೆ ಬಡಿಯಿತು. ತಗಡು ಕತ್ತರಿಸಿ ಅವನನ್ನು ಹೊರಗೆ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಮೊದಲ ಇಪ್ಪತ್ತು ನಿಮಿಷ ಅವನಿಗೆ ಪ್ರಜ್ಞೆ ಇತ್ತು.

ಕೊಂದದ್ದು ಈ ಚೂರುಗಳೇ. ಸಿಲಿಂಡರ್ ಹೆಡ್ ಎಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ಅದರೊಳಗೆ ಹದಿನಾರು ವಾಲ್ವುಗಳು ಮೇಲೆ ಕೆಳಗೆ ಆಡುತ್ತವೆ. ಒಂದೊಂದು ವಾಲ್ವಿಗೂ ಒಂದು ಸ್ಪ್ರಿಂಗು, ಸ್ಪ್ರಿಂಗಿನ ತಲೆಗೊಂದು ಟೋಪಿ. ಆ ಟೋಪಿ ವಾಲ್ವಿನ ಕುತ್ತಿಗೆ ಬಿಡದಂತೆ ಕಚ್ಚಿ ಹಿಡಿಯುವುದು ಈ ಎರಡು ಚೂರು. ಇದಕ್ಕೆ ಲಾಕ್ ಎನ್ನುತ್ತಾರೆ. ಲಾಕ್ ಜಾರಿದರೆ ವಾಲ್ವ್ ಕಳಚಿ ಪಿಸ್ಟನ್ನಿನ ಮೇಲೆ ಬೀಳುತ್ತದೆ, ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯಿತು.

ದೊಡ್ಡವ ವೇಗದ ಹುಚ್ಚಿಗೆ ಬಿದ್ದು ವಾಲ್ವು, ಗಟ್ಟಿ ಸ್ಪ್ರಿಂಗು, ಟೋಪಿ, ಲಾಕು ಎಲ್ಲವನ್ನೂ ಹೊಸದು ಹಾಕಿದ್ದ. ಬಿಚ್ಚಿದ ಹಳೇ ಲಾಕುಗಳನ್ನು ಈ ಟ್ರೇಯಲ್ಲಿ ಇಟ್ಟಿದ್ದ. ಹೊಸ ಲಾಕಿನ ಓರೆಗೂ ಹಳೆಯದರ ಓರೆಗೂ ಬರೀ ಮೂರು ಡಿಗ್ರಿ ವ್ಯತ್ಯಾಸ. ಹೊಸ ಟೋಪಿಗೆ ಹಳೇ ಲಾಕು ಹಾಕಿದರೆ ಕೂರುತ್ತದೆ, ಆದರೆ ಅಂಚಿನಲ್ಲಷ್ಟೇ ಕಚ್ಚಿಕೊಂಡಿರುತ್ತದೆ. ಜೋರಾಗಿ ಓಡಿಸಿದ ದಿನ ಕೈ ಕೊಡುತ್ತದೆ.

ಒಡೆದ ಎಂಜಿನ್ನಿನ ಏಳನೇ ವಾಲ್ವಿನಲ್ಲಿ ಸಿಕ್ಕಿದ್ದು ಕಪ್ಪು ಲಾಕುಗಳು. ರೇಸಿಗೆ ಮುಂಚಿನ ಮಂಗಳವಾರ ದೊಡ್ಡವ ಹದಿನಾರನ್ನೂ ಜೋಡಿಸಿ ಫೋಟೋ ತೆಗೆದಿದ್ದ. ಅದರಲ್ಲಿ ಎಲ್ಲವೂ ಹೊಳೆಯುತ್ತವೆ. ಆಮೇಲೆ ಒಂದೊಂದು ಟೋಪಿಯ ಮೇಲೂ ಬಟ್ಟಲಿನಂಥ ಮುಚ್ಚಳ ಕೂರಿಸಿದ್ದರಿಂದ ಒಳಗಿನದು ಯಾರಿಗೂ ಕಾಣುವಂತಿರಲಿಲ್ಲ. ಬುಧವಾರ ಇಡೀ ದಿನ, ಹೆಡ್ಡಿನ ಕೆಳಗೆ ಹಾಸುವ ಗ್ಯಾಸ್ಕೆಟ್ ತರಲು ಹೋಗಿದ್ದ. ಗುರುವಾರ ಹೆಡ್ಡನ್ನು ಎಂಜಿನ್ ಮೇಲೆ ಬಿಗಿದ. ಅಂದರೆ ಬುಧವಾರ ಯಾರೋ ಏಳನೆಯದನ್ನು ಬಿಚ್ಚಿದ್ದಾರೆ.

ಸಾಹೇಬರ ಲೆಕ್ಕ ಸುಲಭದ್ದು. ಈ ಮನೆಯಲ್ಲಿ ಆ ಕೆಲಸ ಬಲ್ಲವರು ಮೂವರು. ಒಬ್ಬ ಸತ್ತ. ಅಪ್ಪನಿಗೆ ಕಣ್ಣು ಹೋಗಿದೆ. ಉಳಿದವನು ಚಿಕ್ಕವ. ಬುಧವಾರ ಎಂಜಿನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಹಡಿಯಲ್ಲಿ ಒಬ್ಬನೇ ಮಲಗಿದ್ದನಂತೆ, ನೋಡಿದವರಿಲ್ಲ. ಒಂದು ಬೋಲ್ಟು ಮುರಿದನೆಂದು ಅಣ್ಣ ಅವನನ್ನು ಶೆಡ್ಡಿನಿಂದ ಕತ್ತು ಹಿಡಿದು ಹೊರಗೆ ಹಾಕಿದ್ದ. ಆ ಕಾರೇ ಅವನನ್ನು ತಿನ್ನುತ್ತೆ ಎಂದು ಇವನು ಟೀ ಅಂಗಡಿಯಲ್ಲಿ ನಾಲ್ಕು ಜನರೆದುರು ಅಂದಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ, ಹೆತ್ತ ಅಪ್ಪನೇ ಬೆರಳು ತೋರಿಸಿದ್ದ. ಅವನೇ ಮಾಡಿರೋದು, ಇನ್ಯಾರಿಗೆ ಬರುತ್ತೆ ಈ ಕೆಲಸ ಎಂದು ಹೆಣದ ಮುಂದೆಯೇ ನಿಂತು ಹೇಳಿದ್ದ.

ಅಂದಿನಿಂದ ಚಿಕ್ಕವ ಲಾಕಪ್ಪಿನಲ್ಲಿ ಎರಡೇ ಮಾತು ಆಡಿದ್ದಾನೆ. ನಾನು ಮಾಡಿಲ್ಲ. ಅಪ್ಪ ಒಂದ್ಸಲ ಬಂದು ನನ್ನನ್ನೇ ಕೇಳಲಿ. ಅಪ್ಪ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನಾನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದರೆ ಎಮ್ಮೆಯನ್ನು ಹಿಡಿದುಕೊಡುವವನು ಅಪ್ಪನೇ ಆಗಿದ್ದು ಇದೇ ಮೊದಲು.

ಟ್ರೇಯ ಗುಳಿಗಳ ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಒಂದರಿಂದ ಹದಿನಾರರವರೆಗೆ ಬರೆದಿತ್ತು. 7ರ ಸೊಂಟಕ್ಕೆ ಅಡ್ಡಗೆರೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಕೆರೆದುಕೊಂಡೆ. ಹತ್ತು ನಿಮಿಷದ ಹಿಂದೆ ಅಡುಗೆಮನೆಯಲ್ಲಿ ನೀರು ಕುಡಿದಿದ್ದೆ. ಅಲ್ಲಿ ಸಾಲಾಗಿಟ್ಟ ಡಬ್ಬಿಗಳ ಮೇಲೆ ತಂದ ತಾರೀಖು ಬರೆದ ಚೀಟಿ ಅಂಟಿಸಿದ್ದರು. ಹದಿನೇಳು, ಇಪ್ಪತ್ತೇಳು. ಅದೇ ಅಡ್ಡಗೆರೆ.

ಮೂರು ವಾರದಿಂದ ವಾಲ್ವ್ ಅಂದರೆ ಏನೆಂದೂ ಗೊತ್ತಿಲ್ಲ ಎಂದಿದ್ದ ಈ ಮನೆಯ ಸೊಸೆಯ, ದೊಡ್ಡವನ ಹೆಂಡತಿಯ ಕೈಬರಹ.

ಅವಳನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಮೂವತ್ತು ದಾಟಿರಲಿಲ್ಲ. ಮಾತಿಗೆ ಮುಂಚೆ ನಾನು ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದೆ. ನಾಲ್ಕು ಗೆಣ್ಣುಗಳ ಮೇಲೂ ಚಿಕ್ಕ ಚಿಕ್ಕ ಗಾಯದ ಕಲೆ. ಕೆಲವು ಹಳೆಯವು, ಎರಡು ಇನ್ನೂ ಕೆಂಪಗಿದ್ದವು.

"ಏನಿದು?"

"ಸ್ಪ್ಯಾನರು" ಎಂದಳು. "ನಾನು ಟಾರ್ಚ್ ಹಿಡೀತಿದ್ದೆ. ಬೆಳಕು ಅಲ್ಲಾಡಿದ್ರೆ ಹೊಡೀತಿದ್ರು."

ಹಾಲು ಉಕ್ಕಿತು ಎನ್ನುವ ಹಾಗೆ ಹೇಳಿದಳು. ದಿನಕ್ಕೆ ನಾಲ್ಕು ಗಂಟೆಯಂತೆ ಎಂಟು ತಿಂಗಳು. ಅವನು ಹೆಡ್ಡಿನೊಳಗೆ ಗಾಳಿ ಹೋಗುವ ದಾರಿಗಳನ್ನು ದೊಡ್ಡದು ಮಾಡಲು ಅಲ್ಯೂಮಿನಿಯಂ ಉಜ್ಜಿ ಉಜ್ಜಿ, ಆ ಪುಡಿ ಅವಳ ಕೂದಲಲ್ಲಿ, ಹಾಸಿಗೆಯಲ್ಲಿ, ಊಟದ ತಟ್ಟೆಯಲ್ಲಿ. ಕೆಮ್ಮಿದರೂ ಹೊಡೆತವಂತೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ಅವನು ನೀಚ.

ಆದರೆ ಎಂಟು ತಿಂಗಳು ಬೆಳಕು ಹಿಡಿದವಳಿಗೆ ಬೆಳಕಿನಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಇರುತ್ತದೆಯೇ? ಟ್ರೇಗೆ ಅಂಕಿ ಬರೆದವಳು ನೀನೇ ಅಲ್ಲವೇ ಎಂದೆ. ಬರೀ ಅಂದ್ರು, ಬರೆದೆ ಎಂದಳು. ಬುಧವಾರ ಈ ಶೆಡ್ಡಿಗೆ ಯಾರು ಬಂದಿದ್ದರು ಎಂದು ಕೇಳಿದೆ. ಅವಳ ಉತ್ತರಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಡುಗೆಮನೆಯಲ್ಲಿ ಇದ್ದಳಂತೆ, ಸದ್ದು ಕೇಳಿರಬಹುದಂತೆ, ಕೇಳದೆಯೂ ಇರಬಹುದಂತೆ.

"ಮಾವನ್ನ ಕೇಳಿ ಮೇಡಂ. ಅವರು ಹೇಳಿದ್ದೇ ಸರಿ."

ಮಾವನನ್ನು ಅವಳೇ ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿ ಒಳಗೆ ಹೋದಳು. ಬೀದಿಯವರೆಲ್ಲ ಅವರನ್ನು ಫೋರ್‌ಮನ್ ಎಂದೇ ಕರೆಯುವುದು. ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಕೂತ ತಕ್ಷಣ ಅವರು ಕೇಳಿದ್ದು, ಆ ಕತ್ತೆಗೆ ಎಷ್ಟು ವರ್ಷ ಆಗುತ್ತೆ ಎಂದು. ಕತ್ತೆ ಎಂದರೆ ಚಿಕ್ಕವ. ಹುಟ್ಟಿದಾಗಿನಿಂದ ಕೈಕೆಡುಕ, ಹತ್ತಿರ ನಿಲ್ಲಿಸಿಕೊಂಡರೆ ಕೆಲಸ ಹಾಳು, ಅದಕ್ಕೇ ಒಂದು ದಿನವೂ ಬೆಂಚಿನ ಬಳಿ ಸೇರಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಮೈ ಉರಿಯಿತು.

ಉರಿದಾಗ ನಾನು ಒಳ್ಳೆಯವಳಾಗಿರುವುದಿಲ್ಲ. ದೊಡ್ಡವ ನೆಂಟರೆಲ್ಲರ ಮುಂದೆ, ಕುರುಡನ ಕೈಗೆ ನಾನು ಎಂಜಿನ್ ಕೊಡಲ್ಲ ಅಂದನಂತಲ್ಲ, ಮೂವತ್ತೊಂದು ವರ್ಷ ಮಾಡಿದ್ದು ಇಷ್ಟೇನಾ ಎಂದೆ. ಮುದುಕ ಎರಡೂ ಕೈ ಎತ್ತಿ ತೋರಿಸಿದರು.

"ನನ್ನ ಬೆರಳಿಗೆ ಕಣ್ಣಿದೆಯಮ್ಮ."

"ಮಾತಿಗೇನು ಬಿಡಿ. ಈಗ ಒಂದು ಲಾಕ್ ಕೂರಿಸೋಕಾಗುತ್ತಾ ನಿಮ್ಮಿಂದ?"

ಅಭ್ಯಾಸಕ್ಕೆಂದು ದೊಡ್ಡವ ಇಟ್ಟುಕೊಂಡಿದ್ದ ಹಳೇ ಹೆಡ್ಡೊಂದು ಬೆಂಚಿನ ಮೇಲಿತ್ತು. ಫೋರ್‌ಮನ್ ಎದ್ದರು. ಗೋಡೆಯ ಮೊಳೆಯಿಂದ ಸ್ಪ್ರಿಂಗ್ ಒತ್ತುವ ಕ್ಲಾಂಪನ್ನು ತಡಕಾಡದೆ ತೆಗೆದುಕೊಂಡರು. ಬೆರಳುಗಳು ಹೆಡ್ಡಿನ ಮೇಲೆ ಒಂದು ಸುತ್ತು ಓಡಿದವು. ಒಂದು ವಾಲ್ವನ್ನು ಹಿಡಿದು, ಕ್ಲಾಂಪ್ ಕೂರಿಸಿ, ಎಡಗೈಯಿಂದ ಅದರ ಹಿಡಿ ಒತ್ತಿದರು. ಸ್ಪ್ರಿಂಗು ಕುಗ್ಗಿತು. ಆ ಕೈ ಬಿಟ್ಟರೆ ಸ್ಪ್ರಿಂಗು ಹಾರಿ ಮುಖಕ್ಕೆ ಬಡಿಯುತ್ತದೆ. ಹಾಗಾಗಿ ಅವರಿಗೆ ಉಳಿದಿದ್ದು ಬಲಗೈ ಒಂದೇ.

ಬಲ ಅಂಗೈಯನ್ನು ಪಕ್ಕಕ್ಕೆ, ಸೊಂಟದ ಮಟ್ಟಕ್ಕೆ ಚಾಚಿದರು.

"ಹೂಂ, ಕೊಡು ಮಗು."

ಮೌನಿಯ ಬಾಯಿ ಕೂಡ ಮುಚ್ಚಿತ್ತು.

ತಾನು ಅಂದದ್ದು ತನ್ನ ಕಿವಿಗೇ ಬಿದ್ದ ಮೇಲೆ ಮುದುಕ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ನಾನು ಅವರ ಎಡಗೈಯಲ್ಲಿದ್ದ ಕ್ಲಾಂಪಿನ ಹಿಡಿ ಹಿಡಿದು ಸ್ಪ್ರಿಂಗನ್ನು ಸಡಿಲಿಸಿ, ಅವರನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದೆ. ಬುಧವಾರ ಏಳನೆಯದನ್ನು ಬಿಚ್ಚಿದವರು ನೀವೇ ಎಂದೆ. ಅವರು ಇಲ್ಲ ಎನ್ನಲಿಲ್ಲ. ಹೇಳುವಾಗ ದನಿಯಲ್ಲಿ ಸಂತೋಷವೇ ಇತ್ತು. ಕೈ ಕೊಟ್ಟದ್ದು ಏಳನೆಯದೇ ಎಂದು ನಾವು ಮನೆಯವರಿಗೆ ಹೇಳಿರಲಿಲ್ಲ.

ಮಗ ಹೊರಟ ಮೇಲೆ ಇವರು ಶೆಡ್ಡಿಗೆ ಬಂದಿದ್ದರು. ಹೆಡ್ಡಿನ ದಾರಿಗಳಿಗೆ ಸೀಮೆಎಣ್ಣೆ ಸುರಿದು, ಕಾಲು ಗಂಟೆ ಬಿಟ್ಟು, ಒಂದೊಂದು ವಾಲ್ವಿನ ಕೆಳಗೂ ಬೆರಳಿಟ್ಟು ನೋಡಿದ್ದರು. ಹದಿನೈದು ಒಣಗಿದ್ದವು. ಏಳನೆಯದು ಒಸರುತ್ತಿತ್ತು, ಅಂದರೆ ಆ ವಾಲ್ವು ಸರಿಯಾಗಿ ಕೂತಿರಲಿಲ್ಲ. ಕಣ್ಣಿದ್ದ ಮಗ ನೋಡಿರಲಿಲ್ಲ, ಕಣ್ಣಿಲ್ಲದ ಅಪ್ಪ ಹಿಡಿದಿದ್ದ. ಬಿಚ್ಚಿ, ಉಜ್ಜುವ ಪೇಸ್ಟ್ ಹಚ್ಚಿ, ಅರ್ಧ ಗಂಟೆ ಉಜ್ಜಿ ಕೂರಿಸಿದರು. ಆಮೇಲೆ ಒಂದು ತೊಟ್ಟೂ ಒಸರಲಿಲ್ಲ. ಮಗನಿಗೆ ಹೇಳಲಿಲ್ಲ. ರೇಸ್ ಗೆದ್ದು ಬಂದ ದಿನ ನೆಂಟರನ್ನೆಲ್ಲ ಕೂರಿಸಿಕೊಂಡು ಹೇಳಬೇಕೆಂದಿದ್ದರು.

"ಬಿಚ್ಚಿದ ಲಾಕನ್ನ ಎಲ್ಲಿಟ್ಟಿರಿ?"

"ಏಳನೇ ಗುಳಿಗೆ ಹಾಕು ಅಂದೆ. ತೆಗೆದದ್ದು ತೆಗೆದಲ್ಲಿಗೇ ಹೋಗ್ಬೇಕು, ಅದು ನನ್ನ ನಿಯಮ. ಆಮೇಲೆ ಏಳನೇ ಗುಳಿಯದ್ದು ಕೊಡು ಅಂದೆ."

ಪಾಪದ ಮುದುಕ. ಮಗ ಎಂಜಿನ್ನಿನ ಬಗ್ಗೆ ಅಪ್ಪನೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಲಾಕುಗಳು ಹೊಸದಾಗಿದ್ದು ಇವರಿಗೆ ಯಾರೂ ಹೇಳಿರಲಿಲ್ಲ. ಏಳನೇ ಗುಳಿಯಲ್ಲಿ ಆಗಲೇ ಹಳೆಯ ಜೋಡಿ ಇತ್ತು. ಬಿಚ್ಚಿದ ಹೊಸ ಜೋಡಿಯೂ ಅದರ ಮೇಲೆ ಬಿತ್ತು. ಒಂದೇ ಗುಳಿಯಲ್ಲಿ ನಾಲ್ಕು ಚೂರು.

ಇದನ್ನು ಮೆತ್ತಗೆ ಹೇಳಬಹುದಿತ್ತು. ನಾನು ಹೇಳಲಿಲ್ಲ. ನಿಮ್ಮ ಅಂಗೈಗೆ ಬಂದದ್ದು ಹಳೆಯವು, ನೀವೇ ಒತ್ತಿ ಕೂರಿಸಿದಿರಿ, ಅದೇ ಜಾರಿದ್ದು, ನಿಮ್ಮ ಮಗ ಇಪ್ಪತ್ತು ನಿಮಿಷ ಕೂಗಿದ್ದು ನಿಮ್ಮ ಕೈಕೆಲಸಕ್ಕೇ ಎಂದುಬಿಟ್ಟೆ. ಮೂರು ವಾರ ಚಿಕ್ಕವನನ್ನು ಕತ್ತೆ ಎಂದದ್ದಕ್ಕೆ ಇರಲಿ ಎನ್ನಿಸಿತ್ತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಅಳಲಿಲ್ಲ. ಎರಡೂ ಕೈ ಮುಂದೆ ಚಾಚಿದರು. ಒಂದು ಕೈಗೆ ಕಪ್ಪು ಜೋಡಿ, ಇನ್ನೊಂದಕ್ಕೆ ಹೊಸ ಜೋಡಿ ಹಾಕಿದೆ. ಹೆಬ್ಬೆರಳಲ್ಲಿ ತಿರುಗಿಸಿ, ಉಗುರಿನಲ್ಲಿ ಅಳೆದು, ತುಟಿಗೆ ಮುಟ್ಟಿಸಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಎರಡೂ ಒಂದೇ ಥರ ಇವೆಯಲ್ಲಮ್ಮ."

"ನಿಮಗೆ. ಕಣ್ಣಿದ್ದವರಿಗೆ ಒಂದು ಇದ್ದಲು, ಒಂದು ಬೆಳ್ಳಿ. ಕೊಟ್ಟವರು ನೋಡಿಯೇ ಕೊಟ್ಟಿದ್ದಾರೆ."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಬಾಗಿಲು ಅರ್ಧ ತೆರೆದೇ ಇತ್ತು. ಮುದುಕನ ಮುಖ ಆ ಕಡೆಗೆ ತಿರುಗಿತು. ಅವರಿಗೆ ತಿಳಿಯಿತು. ತಿಳಿದದ್ದು ಹಣೆಯ ಮೇಲೆ ಬರೆದ ಹಾಗೆ ಕಂಡಿತು.

"ನಿಮ್ಮ ಪಕ್ಕ ಯಾರು ನಿಂತಿದ್ದರು?" ಎಂದೆ. "ಮಗು ಅಂತ ಯಾರನ್ನ ಕರೀತೀರಿ?"

ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು. ಫೋರ್‌ಮನ್ ಅಂಗೈಯ ಚೂರುಗಳನ್ನು ಬೆಂಚಿನ ಮೇಲೆ ಒಂದೊಂದಾಗಿ ಇಟ್ಟರು.

"ಚಿಕ್ಕವನು" ಎಂದರು. "ಅವನೇ ಕೊಟ್ಟ."

ಚಿಕ್ಕವನನ್ನು ನೀವು ಮಗು ಎಂದದ್ದನ್ನು ಈ ಬೀದಿಯಲ್ಲಿ ಯಾರೂ ಕೇಳಿಲ್ಲ, ಹತ್ತು ನಿಮಿಷದ ಹಿಂದಷ್ಟೇ ಬೆಂಚಿನ ಬಳಿ ಒಂದು ದಿನವೂ ಸೇರಿಸಿಲ್ಲ ಎಂದಿರಿ ಎಂದು ನಾನು ರೇಗಿದೆ. ಅವರು ಮೌನಿಗೆ ಹೊರಗೆ ಹೋಗು ಎಂದು ಸನ್ನೆ ಮಾಡಿದರು. ಅವನು ನನ್ನ ಮುಖ ನೋಡಿ ಹೋದ. ಮುದುಕ ದನಿ ತಗ್ಗಿಸಿದರು.

"ಜೈಲಲ್ಲಿ ಅವನಿಗೆ ಹೊತ್ತೊತ್ತಿಗೆ ಊಟ ಹಾಕ್ತಾರೆ. ನನಗೆ ಯಾರಮ್ಮ ಹಾಕ್ತಾರೆ? ಅವಳು ಹೋದ್ರೆ ನಾನು ಗೋಡೆ ಮುಟ್ಕೊಂಡು ಕಕ್ಕಸು ಹುಡುಕ್ಬೇಕು. ದೊಡ್ಡವನು ಹೋದ. ಇನ್ನೊಬ್ಬರನ್ನ ಕಳ್ಕೊಳ್ಳೋದೇ ಆದ್ರೆ, ಯಾರಿಲ್ದೆ ಬದುಕಬಹುದು ಅಂತ ನೋಡ್ಬೇಕಲ್ಲ."

"ಅವನು ನಿಮ್ಮ ಮಗ."

"ಹೌದು. ಇದನ್ನ ಬರ್ಕೊಂಡ್ರೆ ನಾನು ಹೇಳೇ ಇಲ್ಲ ಅಂತೀನಿ. ಮೊದಲು ಹೇಳಿದ್ದು ಬರ್ಕೊಳ್ಳಿ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಕಟ್ಟಿದವನು ಈ ಶೆಡ್ಡಿಗೆ ಬರಬೇಕಿತ್ತು. ಕೆನ್ನೆಗೆ ಬಾರಿಸೋಣ ಎನ್ನಿಸುವಷ್ಟು ಸಿಟ್ಟು ಬಂತು. ಬಾರಿಸಲು ಬರುವುದಿಲ್ಲ, ಬರೆದುಕೊಳ್ಳಲು ಬರುತ್ತದೆ. ಸಾಕ್ಷಿ ಹೇಳಿದ್ದನ್ನು ಬರೆದುಕೊಳ್ಳುವುದಿಲ್ಲ ಎನ್ನಲು ನನಗೆ ಅಧಿಕಾರವಿಲ್ಲ. ಮೌನಿಯನ್ನು ಒಳಗೆ ಕರೆದೆ. ವಾಲ್ವ್ ಉಜ್ಜಿದ್ದು ನಾನು, ಪಕ್ಕದಲ್ಲಿ ನಿಂತು ಲಾಕ್ ಕೊಟ್ಟದ್ದು ನನ್ನ ಕಿರಿಯ ಮಗ ಎಂದು ಮುದುಕ ಒಂದು ಮಾತೂ ತೊದಲದೆ ಹೇಳಿದರು.

ಸಹಿ ಹಾಕಲು ಜಾಗ ಕಾಣಲಿಲ್ಲ. ಸೊಸೆ ಬಂದಳು. ಮಾವನ ತೋರುಬೆರಳನ್ನು ಹಿಡಿದು ಕಾಗದದ ಮೇಲೆ ಸರಿಯಾದ ಕಡೆ ಇಟ್ಟಳು.

"ಇಲ್ಲಿ, ಮಾವ."

ಅವರು ಸಹಿ ಹಾಕಿದರು. ನಾಲ್ಕರಲ್ಲಿ ಎರಡನ್ನು ನೀನು ಹೇಗೆ ಆರಿಸಿದೆ ಎಂದು ನಾನು ಅವಳ ಕಿವಿಯ ಹತ್ತಿರ ಹೋಗಿ ಕೇಳಿದೆ. ಅವಳು ನನ್ನನ್ನು ನೇರವಾಗಿ ನೋಡಿದಳು. ಹೆದರಿಕೆಯ ಸುಳಿವೂ ಇರಲಿಲ್ಲ.

"ನಾನು ಅಡುಗೆಮನೆಯಲ್ಲಿದ್ದೆ ಮೇಡಂ. ಮಾವ ಹೇಳಿದ್ರಲ್ಲ."

ಅವಳ ಗೆಣ್ಣುಗಳನ್ನು ನೋಡಿದಾಗ ಅವಳನ್ನು ಹಿಡಿಯಲು ಮನಸ್ಸೇ ಬರಲಿಲ್ಲ ಎಂದರೆ ಸುಳ್ಳಲ್ಲ. ಆದರೆ ಅವಳ ಬದಲಿಗೆ ಒಳಗೆ ಕೂತವನು ಅವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಅವನಿಗಾದರೂ ನ್ಯಾಯ ಬೇಡವೇ?

ನನ್ನ ಬಳಿ ಒಂದು ದಾರಿ ಉಳಿದಿತ್ತು. ಅಪ್ಪ ಹೌದೆಂದದ್ದನ್ನು ಮಗ ಅಲ್ಲವೆಂದರೆ, ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಬೇಕೆಂದು ನಾನು ಹಟ ಹಿಡಿಯಬಹುದು. ಅಲ್ಲಿಯವರೆಗೆ ಕಾಗದ ನಿಲ್ಲುತ್ತದೆ. ಮೂರು ವಾರ ನಾನು ಮಾಡಿಲ್ಲ ಎಂದವನು, ಇಂಥ ಹಸಿ ಸುಳ್ಳು ಕೇಳಿದರೆ ಲಾಕಪ್ಪಿನ ಸರಳು ಕಿತ್ತುಕೊಂಡು ಬರುತ್ತಾನೆ ಎಂದುಕೊಂಡೆ. ಅವನಿಗೆ ರೋಷ ಬರಲಿ ಎಂದೇ ನನ್ನ ಆಸೆ.

ನಾಲ್ಕೂವರೆಗೆ ಠಾಣೆಗೆ ಫೋನ್ ಮಾಡಿದೆ. ಅಪ್ಪನ ಹೇಳಿಕೆಯನ್ನು ಓದಿ ಹೇಳಿ, ಹಾಗೇ ಅವನಿಗೆ ಓದು, ಅವನು ಅಂದದ್ದನ್ನು ಅಕ್ಷರ ಬಿಡದೆ ಬರೆದುಕೊ, ಸಹಿ ತೆಗೆದುಕೊ ಎಂದು ಗುಮಾಸ್ತನಿಗೆ ಹೇಳಿದೆ. ಫೋನ್ ಇಟ್ಟು ಕಾದೆ. ಸೊಸೆ ಟ್ರೇಯ ಮೇಲಿನ ಧೂಳು ಒರೆಸಲು ಬಂದಳು, ಮುಟ್ಟಬೇಡ ಎಂದು ಗದರಿದೆ. ಮುದುಕ ಕೂತಲ್ಲಿಂದ ಅಲ್ಲಾಡಲಿಲ್ಲ.

ನಾಲ್ಕು ಐವತ್ತಕ್ಕೆ ಫೋನ್ ಬಂತು.

"ಓದಿದೆ ಮೇಡಂ" ಎಂದ ಗುಮಾಸ್ತ. ಅವನ ದನಿ ಯಾಕೋ ಸರಿಯಿರಲಿಲ್ಲ. "ಒಂದ್ಸಲ ಓದಿದ್ಮೇಲೆ ಇನ್ನೊಂದ್ಸಲ ಓದಿ ಅಂದ. ಓದಿದೆ."

"ಬೈದನಾ?"

"ಇಲ್ಲ ಮೇಡಂ. ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡಿದ್ರು ಅಂತ ಅಪ್ಪ ಅವರ ಬಾಯಿಂದಲೇ ಹೇಳಿದ್ರಾ ಅಂತ ಕೇಳ್ದ. ಹೌದು, ಸಹಿನೂ ಹಾಕಿದ್ದಾರೆ ಅಂದೆ. ಅಳೋಕೆ ಶುರು ಮಾಡ್ದ. ಆಮೇಲೆ ಕಣ್ಣೊರೆಸ್ಕೊಂಡು, ಹಾಗಾದ್ರೆ ಬರ್ಕೊಳ್ಳಿ, ನಾನೇ ಕೊಟ್ಟೆ ಅಂದ."

ನಾನು ಗೋಡೆಯ ಗಡಿಯಾರ ನೋಡಿದೆ.

"ಸಹಿ ಹಾಕ್ಬಿಟ್ಟಿದ್ದಾನೆ ಮೇಡಂ. ಸಾಹೇಬರು ಇಲ್ಲೇ ಪಕ್ಕದಲ್ಲಿ ನಿಂತಿದ್ದಾರೆ, ಕೇಳ್ತಿದ್ದಾರೆ. ಕಾಗದ ಕಳಿಸ್ಲಾ?"